ಉಪವಾಸದ ಮನೆ

ಜೇಡಿಮಣ್ಣಿನ ಗದ್ದೆಯ ಮೇಲೆ ಒಂದು ಮೊಳ ಕೆಂಪು ಮಣ್ಣು ಹರಡಿ, ಗಟ್ಟಿ ನೆಲವೆಂದು ಹೇಳಿ, ಕಂಪೆನಿಯವರು ಒಂಬತ್ತು ಮನೆ ಕಟ್ಟಿ ಮಾರಿದರು.

ಆ ಒಂಬತ್ತರಲ್ಲಿ ನಾಲ್ಕನೆಯ ಮನೆಯ ಬಾಗಿಲನ್ನು ಸೇಸಪ್ಪ ಈಗ ಭುಜ ಕೊಟ್ಟು ಎತ್ತಿ ಹಿಡಿದಿದ್ದ. ಆರನೆಯ ಮನೆಯ ಯೂಸುಫ್ ಬಾಯಲ್ಲಿ ಒಂದು ಸ್ಕ್ರೂ ಕಚ್ಚಿಕೊಂಡು ಇನ್ನೊಂದನ್ನು ಬಿಚ್ಚುತ್ತಿದ್ದ. ಗೋಡೆ ವಾಲಿದ ಕಡೆಗೆ ಬಾಗಿಲ ಚೌಕಟ್ಟು, ದಾರಂದವೂ ವಾಲಿ, ಬಾಗಿಲು ಅರ್ಧ ತೆರೆದಲ್ಲಿಗೇ ಸಿಕ್ಕಿಕೊಂಡು ಎರಡು ಬೇಸಗೆ ಕಳೆದಿತ್ತು. ಹೆಲನ್ ಬಾಯಿ ಇದ್ದಾಗ ಆ ಅರ್ಧದಲ್ಲೇ ಮೈ ಓರೆ ಮಾಡಿ ಒಳಗೆ ಹೊರಗೆ ನುಸುಳುತ್ತಿದ್ದರು. ಇವತ್ತು ಅವರು ಪೆಟ್ಟಿಗೆಯಲ್ಲಿ ಮಲಗಿಕೊಂಡು ಬರುವವರು. ಮಲಗಿದವರಿಗೆ ಮೈ ಓರೆ ಮಾಡಲಿಕ್ಕೆ ಬರುವುದಿಲ್ಲ.

"ಮೆಲ್ಲ ಮಾರಾಯ! ಕಾಲ ಮೇಲೆ ಬಿದ್ರೆ ಇವತ್ತು ಎರಡು ಪೆಟ್ಟಿಗೆ ಬೇಕಾದೀತು," ಎಂದ ಯೂಸುಫ್, ಸ್ಕ್ರೂವಿನ ಸಂದಿಯಿಂದ.

"ನನಗೆಂತಕ್ಕೆ ಪೆಟ್ಟಿಗೆ? ನಮ್ಮದು ಸುಡುದು. ನೀನು ಸೌದೆ ತಂದ್ರೆ ಸಾಕು."

"ಸಾಕು ಇಬ್ರದ್ದೂ," ಎಂದು ಅಂಗಳ ಗುಡಿಸುತ್ತಿದ್ದ ದಮಯಂತಿ ಗದರಿದಳು. "ಸತ್ತ ಮನೆ ಇದು. ಕೇಳಿದವರು ಎಂತ ಹೇಳಿಯಾರು?"

"ಬಾಯಿ ಕೇಳಿದ್ರೆ ನಗ್ತಿದ್ರು, ದಮಯಂತಿಯಕ್ಕ."

ಅದು ಹೌದು. ದಮಯಂತಿ ಹಿಡಿಸೂಡಿಯನ್ನು ನೆಲಕ್ಕೆ ಕುಟ್ಟಿ ಸೆರಗಿನಲ್ಲಿ ಮೂಗೊರೆಸಿಕೊಂಡಳು. ಬಂದದ್ದು ಅಳುವೋ ನಗುವೋ ಅವಳಿಗೇ ಗೊತ್ತಾಗಲಿಲ್ಲ. ಅವಳದು ಐದನೆಯ ಮನೆ, ಸೇಸಪ್ಪ ಅವಳ ಗಂಡ. ದಕ್ಕೆಯಿಂದ ಮೀನು ತಂದು ಕಾವೂರಿನ ಪೇಟೆಯಲ್ಲಿ ಮಾರುವವಳು ಅವಳು. ದೋಣಿಯ ಕೆಲಸದಲ್ಲಿ ಮೊಣಕಾಲು ಕೊಟ್ಟು ದಡ ಸೇರಿದವನು ಅವನು. ಅಡುಗೆಮನೆಯ ಕಿಟಿಕಿ ತೆರೆದರೆ ನಾಲ್ಕನೆಯ ಮನೆಯ ಅಡುಗೆಮನೆ. ಆ ಎರಡು ಕಿಟಿಕಿಗಳ ನಡುವೆ ಹತ್ತು ವರ್ಷ ಬಂಗುಡೆ ಸಾರು ಆಚೆ, ಇಡ್ಲಿಯಂಥ ಸಾನ್ನ ಈಚೆ ಹೋಗಿ ಬಂದದ್ದಕ್ಕೆ ಲೆಕ್ಕವಿಲ್ಲ. ಕುವೈತಿನಲ್ಲಿ ನರ್ಸ್ ಆಗಿದ್ದು, ಮದುವೆಯಾಗದೆ, ಸಂಪಾದನೆಯನ್ನೆಲ್ಲ ಈ ಮನೆಗೆ ಹಾಕಿ ಊರಿಗೆ ಬಂದು ಕೂತ ಹೆಂಗಸು ಹೆಲನ್ ಮಸ್ಕರೇನ್ಹಸ್. ಕ್ರಿಶ್ಚನ್ನರ ಹೆಂಗಸರನ್ನು ಊರು ಕರೆಯುವ ಹಾಗೆ ಎಲ್ಲರಿಗೂ ಹೆಲನ್ ಬಾಯಿ. ಬೆನ್ನ ಹಿಂದೆ, ಮನೆಗೆ ನೀರು ಹಾಕುವ ಬಾಯಿ.

ನಿನ್ನೆ ಬೆಳಿಗ್ಗೆ ಹಾಗೆಯೇ ನೀರು ಹಾಕುತ್ತ ಹೋದರು. ಯೂಸುಫನ ಮನೆಯ ಮೆಟ್ಟಿಲ ಮೇಲೆ ಪೈಪು ಹಿಡಿದು ಕೂತಿದ್ದರು. ನೀರು ರಸ್ತೆಗೆ ಹರಿಯುವುದನ್ನು ನೋಡಿ ಯೂಸುಫ್ ಕಿಟಿಕಿಯಿಂದಲೇ ಕೂಗಿದ, "ಎಂತ ಬಾಯಿ, ರಸ್ತೆಯೂ ಬಿರುಕು ಬಿಟ್ಟಿದಾ?" ಉತ್ತರ ಬರಲಿಲ್ಲ. ಹೆಲನ್ ಬಾಯಿ ಉತ್ತರ ಕೊಡದೆ ಬಿಟ್ಟ ಮಾತು ಆ ಕಾಲೊನಿಯಲ್ಲಿ ಅದೇ ಮೊದಲನೆಯದು. ಯೂಸುಫ್ ಚಪ್ಪಲಿ ಹಾಕದೆ ಓಡಿ ಬಂದಿದ್ದ.

ಈಗ ಬಾಗಿಲು ಕರಕರ ಎಂದು ಕಿತ್ತು ಬಂತು. ಬಂದ ರಭಸಕ್ಕೆ ಸೇಸಪ್ಪ ಎರಡು ಹೆಜ್ಜೆ ಹಿಂದೆ ಹೋಗಿ ತುಳಸಿಕಟ್ಟೆಯಷ್ಟೆತ್ತರದ ಶಿಲುಬೆಯ ಕಟ್ಟೆಗೆ ಬೆನ್ನು ಕೊಟ್ಟು ನಿಂತ. "ಬಂತು! ಆದ್ರೆ ಇದು ವಾಪಸು ಕೂರುದಿಲ್ಲ, ಹೇಳಿ ಬಿಡ್ತೇನೆ. ದಾರಂದ ಚೌಕವೇ ಇಲ್ಲ."

"ಮತ್ತೆ ನೋಡುವ," ಎಂದ ಯೂಸುಫ್. "ಮೊದಲು ಬಾಯಿ ಬರ್ಲಿ."

*

ಕಾವೂರು ಕೆರೆ ದಾಟಿ, ಬಜಪೆ ಕಡೆಗೆ ಹೋಗುವ ರಸ್ತೆ ಬಿಟ್ಟು ತಗ್ಗಿಗೆ ಇಳಿದರೆ ಸಿಗುವ ಆ ಜಾಗ, ಹಂಚಿನ ಕಾರ್ಖಾನೆಗಳಿಗೆ ಮಣ್ಣು ತೆಗೆಯುತ್ತಿದ್ದ ಗದ್ದೆ. ಮಂಗಳೂರಿನವರಿಗೆ ಕಾಲ ಕೆಳಗೆ ಯಾವಾಗಲೂ ಕೆಂಪು ಕಲ್ಲು. ನೆಲ ಎಂದರೆ ಅಲುಗದ್ದು ಎಂದೇ ಅವರು ತಿಳಿದವರು. ಅಲುಗುವ ಕಡಲು ಸಾಕೆಂದೇ ಸೇಸಪ್ಪ ದೋಣಿಯ ಪಾಲು ಬಿಟ್ಟುಕೊಟ್ಟು ಈ ಮನೆ ತೆಗೆದುಕೊಂಡಿದ್ದ.

ಮೊದಲ ಮಾರ್ಚಿನಲ್ಲಿ ಒಂಬತ್ತು ಮನೆಗಳೂ ಬಿರಿದವು. ಕಿಟಿಕಿಯ ಮೂಲೆಯಿಂದ ಮಾಡಿನ ತನಕ ಓರೆ ಓರೆಯಾಗಿ, ಬೆರಳು ಹೋಗುವಷ್ಟು. ಕಂಪೆನಿಯ ಪರವಾಗಿ ಕಾಲೊನಿ ನೋಡಿಕೊಳ್ಳುವ ಜಿತೇಶ್ ಬಂದು ಗೋಡೆ ಸವರಿ ಹೇಳಿದ, "ಹೊಸ ಮನೆ ಅಲ್ವಾ? ಸ್ವಲ್ಪ ಮೈ ಮುರೀತದೆ. ದೇವರ ಕೆಲಸ ಎಂತಾದ್ರೂ ಬಾಕಿ ಉಂಟಾ ನೋಡಿ."

ನೋಡಿದರು. ಜಾಗದ ದೈವಕ್ಕೆ ತಂಬಿಲ ಕೊಡದ್ದೇ ಕಾರಣವೆಂದು ದಮಯಂತಿ ಮೇ ತಿಂಗಳ ಕೊನೆಗೆ ಕೋಳಿ ಕೊಯ್ಯಿಸಿ ತಂಬಿಲ ಕೊಟ್ಟಳು. ಹೆಲನ್ ಬಾಯಿ ಫಾದರ್ ಲೆಸ್ಟರನ್ನು ಕರೆಸಿ ಮನೆಯ ಮೂಲೆಮೂಲೆಗೂ ತೀರ್ಥ ಹಾಕಿಸಿದರು. ಯೂಸುಫ್ ಉಸ್ತಾದರನ್ನು ಕರೆಸಿ ಓದಿಸಿ, ಬಂದವರಿಗೆಲ್ಲ ತುಪ್ಪದನ್ನ, ನೆಯ್ಚೋರು ಬಡಿಸಿದ. ಜೂನ್ ಮುಗಿಯುವುದರೊಳಗೆ ಅಷ್ಟೂ ಬಿರುಕು ಮುಚ್ಚಿಕೊಂಡಿತು! ಯಾರ ದೇವರು ಮುಚ್ಚಿದ್ದು ಎಂದು ಆ ಇಡೀ ಮಳೆಗಾಲ ಕಾಲೊನಿಯಲ್ಲಿ ಚರ್ಚೆ. "ನಮ್ಮ ಫಾದರ್ ಹೊರಗಿನ ಗೋಡೆಗೂ ಹಾಕಿದ್ದು, ಅದರ ಹನಿ ನಿಮ್ಮ ಮನೆಗೂ ಬಿದ್ದಿದೆ," ಎಂದು ಹೆಲನ್ ಬಾಯಿ. "ನಿಮ್ಮದು ಹನಿ, ನಮ್ಮದು ಕೋಳಿ," ಎಂದು ದಮಯಂತಿ.

ಮುಂದಿನ ಮಾರ್ಚಿಗೆ ಬಿರುಕು ಪುನಃ ಬಂತು. ಪುನಃ ತಂಬಿಲ, ತೀರ್ಥ, ನೆಯ್ಚೋರು. ಜಿತೇಶ್ ತಂಬಿಲಕ್ಕೆ ಸೀಯಾಳ ಕಳಿಸಿದ, ಫಾದರಿಗೆ ಕಾರು ಕಳಿಸಿದ, ಉಸ್ತಾದರಿಗೆ ಶಾಲು ತಂದ. ಅವನಷ್ಟು ಭಕ್ತ ಊರಲ್ಲಿ ಇರಲಿಲ್ಲ. ಮೂರೂ ಕಡೆಯ ದೇವರ ಹೆಸರು ಹೇಳಿ ಕಂಪೆನಿ ಮೂರು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿತು.

ನಾಲ್ಕನೆಯ ವರ್ಷ ದಮಯಂತಿಯ ಮನೆಯಲ್ಲಿ ಸೂತಕ, ತಂಬಿಲ ತಪ್ಪಿತು. ಫಾದರ್ ಲೆಸ್ಟರ್ ಹರ್ನಿಯಾ ಆಪರೇಷನ್ ಆಗಿ ಮಲಗಿದ್ದರು. ಉಸ್ತಾದರು ಊರಲ್ಲಿರಲಿಲ್ಲ. ಯಾರೂ ಏನೂ ಮಾಡಲಿಲ್ಲ. ಜೂನಿನಲ್ಲಿ ಬಿರುಕು ಮುಚ್ಚಿಕೊಂಡಿತು.

ಹೆಲನ್ ಬಾಯಿ ಜಡಿಮಳೆಯಲ್ಲಿ ಕೊಡೆ ಹಿಡಿದು ಅಂಗಳದಲ್ಲಿ ನಿಂತು, ಗೋಡೆಯನ್ನು ನೋಡುತ್ತ ನೋಡುತ್ತ ಒಬ್ಬರೇ ನಗತೊಡಗಿದರು. ನಕ್ಕು ನಕ್ಕು ಕೊಡೆ ಕೈತಪ್ಪಿ ಹೋಯಿತು.

"ದಮಯಂತೀ, ಮಳೆ ಮಾರಾಯ್ತಿ, ಮಳೆ! ಈ ಮಣ್ಣು ನೀರು ಕುಡಿದ್ರೆ ಉಬ್ತದೆ, ಒಣಗಿದ್ರೆ ಚಿರುಟಿಕೊಳ್ತದೆ. ನಮ್ಮ ದೇವರುಗಳಿಗೆ ಇದರಲ್ಲಿ ಎಂತ ಕೆಲಸವೂ ಇಲ್ಲ! ನಾವು ಜಗಳ ಮಾಡ್ಬೇಕಾದ್ದು ಜಿತೇಶನ ಹತ್ರ!"

*

ಅದೇ ಜಿತೇಶ್ ಈಗ ಗೇಟು ದೂಡಿಕೊಂಡು ಬಂದ. ಸಾವಿಗೆಂದು ಬಿಳಿ ಶರ್ಟು, ಕೈಯಲ್ಲಿ ಕಂಪೆನಿಯ ಹೆಸರಿನ ರಿಬ್ಬನ್ ಕಟ್ಟಿದ ಹೂವಿನ ಚಕ್ರ. ಹಿಂದಿನಿಂದ ಬಂದ ಟೆಂಪೋದಲ್ಲಿ ಇಬ್ಬರು ಪೈಂಟರುಗಳು, ಏಣಿ, ನಾಲ್ಕು ಚೀಲ ಪುಟ್ಟಿ, ಬಿಳಿ ಬಣ್ಣದ ಡಬ್ಬ.

"ಇದೆಂತದು?" ಎಂದಳು ದಮಯಂತಿ.

"ಹ್ಯೂಬರ್ಟ್ ಸರ್ ಹತ್ರ ಮಾತಾಡಿ ಆಗಿದೆ, ಅಕ್ಕ. ಜನ ಬರ್ತಾರೆ, ಫಾದರ್ ಬರ್ತಾರೆ. ಈ ಗೋಡೆ ಹೀಗೆ ಇಟ್ರೆ ಬಾಯಿಗೇ ಮರ್ಯಾದೆ ಅಲ್ಲ. ಪುಟ್ಟಿ ತುಂಬಿಸಿ ಒಂದು ಕೋಟ್ ಹೊಡೀತೇವೆ. ಎಲ್ಲ ನಮ್ಮ ಲೆಕ್ಕದಲ್ಲೇ."

"ಸೋಮವಾರ ಕೋರ್ಟಿನಿಂದ ಇಂಜಿನಿಯರು ಬಿರುಕು ನೋಡ್ಲಿಕ್ಕೆ ಬರುದುಂಟು. ನಿನಗೆ ಗೊತ್ತಿಲ್ವಾ?"

"ಛೆ, ಇವತ್ತು ಕೋರ್ಟಿನ ಮಾತೆಂತಕ್ಕೆ ಅಕ್ಕ? ಒಬ್ರು ತೀರಿಹೋಗಿದ್ದಾರೆ," ಎಂದು ಜಿತೇಶ್ ಮುಖ ಸಣ್ಣದು ಮಾಡಿದ.

ಅಷ್ಟರಲ್ಲಿ ಆಂಬುಲೆನ್ಸ್ ಬಂದುಬಿಟ್ಟಿತು. ಅದರ ಮುಂದಿನ ಸೀಟಿನಿಂದ ಬಿಜೈಯಲ್ಲಿರುವ, ಹೆಲನ್ ಬಾಯಿಯ ತಮ್ಮ ಹ್ಯೂಬರ್ಟ್ ಇಳಿದರು. ಬ್ಯಾಂಕಿನಿಂದ ನಿವೃತ್ತರಾದವರು, ಸೆಕೆಗೆ ಕೋಟು ಬೆನ್ನಿಗೆ ಅಂಟಿತ್ತು. ಅಕ್ಕನ ಮನೆಯ ಮೋರೆ ನೋಡಿದ್ದೇ ಅವರ ಮೋರೆ ಕೆಂಪಾಯಿತು.

"ಈಗ ಬೇಡ ಜಿತೇಶ್, ಬಾಡಿ ಬಂತು. ನಾವು ಇಗರ್ಜಿಗೆ ಹೋದ ಮೇಲೆ ಮಾಡಿ."

"ಆಯ್ತು ಸರ್. ಬೀಗ ಹಾಕಿ ಹೋಗ್ಬೇಡಿ ಅಂತ ಹೇಳ್ಬೇಕು ಅಂತಿದ್ದೆ." ಜಿತೇಶ್ ಮೆಟ್ಟಿಲ ಬದಿಯಲ್ಲಿ ಒರಗಿಸಿದ್ದ ಬಾಗಿಲನ್ನು ನೋಡಿದ. "ಬಾಗಿಲೇ ಇಲ್ಲ. ಒಳ್ಳೇದಾಯ್ತು."

ದಮಯಂತಿಯೂ ಬಾಗಿಲನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಸೇಸಪ್ಪ ಯೂಸುಫನನ್ನು ನೋಡಿದ. ಯೂಸುಫ್ ಕೈಯಲ್ಲಿದ್ದ ಸ್ಕ್ರೂಗಳನ್ನು ಮೆಲ್ಲ ಜೇಬಿಗೆ ಹಾಕಿಕೊಂಡ.

*

ಮಳೆಯ ಗುಟ್ಟು ತಿಳಿದ ವರ್ಷದಿಂದ ಹೆಲನ್ ಬಾಯಿ ಡಿಸೆಂಬರ್ ಬಂದದ್ದೇ ಪೈಪು ಹಿಡಿದು ಮನೆಮನೆಯ ಬುಡಕ್ಕೆ ನೀರು ಹಾಕತೊಡಗಿದರು. ಮಣ್ಣು ಒಣಗಬಾರದು, ಕೆಸರೂ ಆಗಬಾರದು. ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ. ದಾರಿಯಲ್ಲಿ ಹೋಗುವವರು ನಿಂತು ಕೇಳುವರು, "ಎಂತ ಬಾಯಿ, ಮನೆ ನೆಟ್ಟಿದ್ದೀರಾ?" "ಹೌದು, ಮುಂದಿನ ವರ್ಷ ಮಾಳಿಗೆ ಚಿಗುರ್ತದೆ," ಎನ್ನುವರು.

ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ನೋಡಲು ಬಳಸುವ ಗಾಜಿನ ಪಟ್ಟಿಗಳನ್ನು ತಂದು, ಪ್ರತಿ ಬಿರುಕಿಗೂ ಅಡ್ಡವಿಟ್ಟು ಎರಡು ತುದಿಗೆ ಸಿಮೆಂಟು ಮೆತ್ತಿದರು. "ಗೋಡೆ ಕದಲಿದ್ರೆ ಗಾಜು ಒಡೀತದೆ. ಜಿತೇಶ ಬಂದು ಎಂತದೇ ಹೇಳ್ಲಿ, ಗಾಜು ಅವನ ಸೀಯಾಳ ಕುಡಿಯುದಿಲ್ಲ."

ನೀರು ಬರೇ ಪಥ್ಯ, ಮದ್ದಲ್ಲ ಎಂದೂ ಅವರೇ ಹೇಳಿದರು. ಪರಿಚಯದ ಇಂಜಿನಿಯರೊಬ್ಬರನ್ನು ಕರೆತಂದು ಕೇಳಿದರು. ಮನೆಯ ಪಂಚಾಂಗ, ಅಂದರೆ ತಳಪಾಯ, ಜೇಡಿಯ ಮೇಲೆಯೇ ಕೂತಿದೆ. ಅದರಡಿಗೆ ಗುಂಡಿ ತೋಡಿ, ಜೇಡಿ ದಾಟಿ, ಕೆಂಪು ಕಲ್ಲು ಸಿಗುವವರೆಗೆ ಇಳಿದು, ಅಲ್ಲಿಂದ ಕಾಂಕ್ರೀಟಿನ ಕಾಲು ಎಬ್ಬಿಸಿ ಕೊಡಬೇಕು. ಒಂದು ಕಡೆ ತೋಡಿ, ಪಕ್ಕದ ಎರಡು ಕಡೆ ಬಿಡಬೇಕು. ಅದು ಗಟ್ಟಿಯಾದ ಮೇಲೆ ಇನ್ನೊಂದು. ಕಂಪೆನಿಯವರು ಕೈಯೆತ್ತಿದರು. ಒಂಬತ್ತು ಮನೆಯವರು ಸೇರಿ, ಕಂಪೆನಿಯ ಮೇಲೆ ಕೋರ್ಟಿನಲ್ಲಿ ಕೇಸು ಹಾಕಿ, ಮೇಸ್ತ್ರಿಯೊಬ್ಬನನ್ನು ಇಟ್ಟುಕೊಂಡು, ತಾವೇ ಹಾರೆ ಹಿಡಿದರು.

ದಮಯಂತಿಯ ಮನೆಯ ಸರದಿಯಲ್ಲಿ ಸೇಸಪ್ಪನಿಗೆ ಅವಸರ. ಒಂದು ಭಾನುವಾರ, ಹೆಲನ್ ಬಾಯಿ ಪೂಜೆಗೆ ಹೋದ ಹೊತ್ತು, ಮೇಸ್ತ್ರಿಯೂ ಇಲ್ಲದಾಗ, ಒಂದು ಗುಂಡಿಯ ಪಕ್ಕದಲ್ಲೇ ಇನ್ನೊಂದನ್ನು ತೋಡಿಬಿಟ್ಟ. ಮನೆ ಹಳೆಯ ದೋಣಿಯ ಹಾಗೆ ನರಳಿತು. ಅಡುಗೆಮನೆಯ ಹಲಗೆಯ ಮೇಲಿನ ಪಾತ್ರೆಗಳು ಒಂದೊಂದಾಗಿ ನಡೆದುಕೊಂಡು ಬಂದು ಕೆಳಗೆ ಹಾರಿದವು. ಸೇಸಪ್ಪ ಗುಂಡಿಯೊಳಗಿನಿಂದ ಕಿರುಚಿದ್ದಕ್ಕೆ ಯೂಸುಫ್ ತನ್ನ ಗ್ಯಾರೇಜಿನ ಲಾರಿ ಜಾಕಿ ತಂದು ಮೂಲೆಗೆ ಕೊಟ್ಟ. ಪೂಜೆಯಿಂದ ಬಂದ ಹೆಲನ್ ಬಾಯಿ ರೇಷ್ಮೆ ಸೀರೆಯಲ್ಲೇ ಗುಂಡಿಗೆ ಇಳಿದರು.

"ಎರಡು ಕಾಲಿಗೂ ಒಟ್ಟಿಗೆ ಆಪರೇಷನ್ ಮಾಡ್ತಾರಾ ಸೇಸಪ್ಪ? ನಿಲ್ಲಲಿಕ್ಕೆ ಒಂದು ಕಾಲು ಬೇಡ್ವಾ?"

"ತಪ್ಪಾಯ್ತು ಬಾಯಿ."

"ತಪ್ಪು ಮನೆಯ ಹತ್ರ ಹೇಳು. ನನ್ನ ಸೀರೆಯ ಹತ್ರವೂ ಹೇಳು."

ಹೀಗೆ ಎರಡು ಬೇಸಗೆಯಲ್ಲಿ ಎಂಟು ಮನೆ ಕಾಲೂರಿ ನಿಂತವು. ಹೆಲನ್ ಬಾಯಿಯದ್ದು ಮಾತ್ರ ಬಾಕಿ. ಅದಕ್ಕೆ ಕಾಂಕ್ರೀಟೂ ಇಲ್ಲ, ನೀರೂ ಇಲ್ಲ. ಕಾಲು ಬಂದರೂ ಒಳಗಿನ ನೆಲ ಬಿರಿಯಬಾರದೆಂದು ಎಂಟು ಮನೆಗೆ ನೀರು ಹಾಕುತ್ತ ಬರುವವರು ತಮ್ಮ ಮನೆಯ ಮುಂದೆ ಬಂದಾಗ ಪೈಪು ಮಡಚಿ ಹಿಡಿದು ದಾಟುವರು. "ಅದಕ್ಕೆ ತಪಸ್ಸುಕಾಲ. ಉಪವಾಸ," ಎನ್ನುವರು. ಈಸ್ಟರ್ ಬಂದರೂ ಆ ಮನೆಯ ಉಪವಾಸ ಮುಗಿಯುತ್ತಿರಲಿಲ್ಲ.

ದಮಯಂತಿ ಒಮ್ಮೆ ಕಿಟಿಕಿಯಿಂದ ಜಗಳಕ್ಕೇ ನಿಂತಳು. "ಎಂತ ಹಟ ಬಾಯಿ ಇದು? ಮೈಮೇಲೆ ಬಿದ್ರೆ?"

ಹೆಲನ್ ಬಾಯಿ ಅವಳು ಕೊಟ್ಟ ಬಂಗುಡೆಯ ಮುಳ್ಳು ಬಿಡಿಸುತ್ತ ಹೇಳಿದರು, "ಕಂಪೆನಿಯವರು ಕೋರ್ಟಿನಲ್ಲಿ ಹೇಳಿದ್ದು ಕೇಳಿದ್ದಿಯಲ್ಲ? ಬಿರುಕೇ ಇಲ್ಲ, ಇದ್ರೆ ತೋರಿಸಿ ಅಂತ. ನಿಮ್ಮದೆಲ್ಲ ನಾವೇ ಸರಿ ಮಾಡಿ ಆಗಿದೆ. ಪೆಟ್ಟು ತಿಂದವನು ಪೊಲೀಸರಿಗೆ ತೋರಿಸುವ ಮೊದಲು ಗಾಯ ಮುಚ್ಚಿಕೊಳ್ತಾನಾ? ಒಬ್ರಾದ್ರೂ ಪಟ್ಟಿ ಬಿಚ್ಚಿ ಕೂತ್ಕೊಳ್ಬೇಕು, ದಮಯಂತಿ. ನನಗೆ ಮಕ್ಕಳಿಲ್ಲ, ಮರಿಯಿಲ್ಲ. ಬಿದ್ರೆ ನಾನೊಬ್ಳೇ."

"ನೀವು ಬಿದ್ರೆ ನಮಗೆ ನೀರು ಹಾಕುದು ಯಾರು?"

"ನೀನು."

*

ಹೆಲನ್ ಬಾಯಿಯನ್ನು ಮನೆಯ ಹಾಲ್‌ನ ನಡುವೆ ಇಟ್ಟರು. ನೀಲಿ ಸೀರೆ, ಕೈಯಲ್ಲಿ ಜಪಮಣಿ. ಮನೆಯೊಳಗೆ ಜನ ತುಂಬಿ, ಉಳಿದವರು ಅಂಗಳದ ಶಾಮಿಯಾನದಡಿ ಕೂತರು. ಕುವೈತಿನಲ್ಲಿ ಜೊತೆಗಿದ್ದ ನರ್ಸುಗಳು, ಮೀನು ಮಾರ್ಕೆಟಿನ ಹೆಂಗಸರು, ಯೂಸುಫನ ಗ್ಯಾರೇಜಿನವರು.

ಹ್ಯೂಬರ್ಟ್ ಮೊದಲು ಮಾಡಿದ ಕೆಲಸ ಗೋಡೆ ಮುಚ್ಚುವುದು. ಪೂಜೆಯ ಮೂಲೆಯಲ್ಲಿದ್ದ ಯೇಸುವಿನ ದೊಡ್ಡ ಪಟವನ್ನು ತೆಗೆದು, ಹಾಲಿನ ಗೋಡೆಯ ಹಳೆಯ ಮೊಳೆಗೆ, ಸರಿಯಾಗಿ ಬಿರುಕಿನ ಮೇಲೆ ತೂಗು ಹಾಕಿದರು. ಎರಡು ಹೆಜ್ಜೆ ಹಿಂದೆ ನಿಂತು ನೋಡಿ ಸಮಾಧಾನಪಟ್ಟರು.

"ಪೊರ್ಬುಗಳೇ," ಎಂದ ಸೇಸಪ್ಪ ಮೆಲ್ಲನೆ, ಕ್ರಿಶ್ಚನ್ ಗಂಡಸರನ್ನು ಊರು ಕರೆಯುವ ಹಾಗೆ, "ಅಲ್ಲಿ ಬಾಯಿಯ ಗಾಜುಪಟ್ಟಿ ಉಂಟು, ಜಾಗ್ರತೆ."

"ಗಾಜುಪಟ್ಟಿಯೂ ಬೇಡ, ಎಂತದೂ ಬೇಡ. ಮನೆಯಾ ಇದು, ಆಸ್ಪತ್ರೆಯಾ?" ಹ್ಯೂಬರ್ಟ್ ಬೆವರೊರೆಸಿಕೊಂಡರು. "ಬಿಜೈಗೆ ಬಾ, ನಮ್ಮೊಟ್ಟಿಗೆ ಇರು ಅಂತ ಎಷ್ಟು ಸಲ ಕರೆದೆ. ಬರ್ಲಿಲ್ಲ. ಬಿರಿದ ಮನೆಯಲ್ಲಿ ಅಕ್ಕನನ್ನು ಬಿಟ್ಟ ಅಂತ ಈಗ ಜನ ನನ್ನ ಮೋರೆ ನೋಡ್ತಾರೆ."

ದಮಯಂತಿಗೆ ಆಗ ಅವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಉಳಿದ ಅರ್ಧವನ್ನು ಅವಳು ಜೋಪಾನವಾಗಿ ಇಟ್ಟುಕೊಂಡಳು.

ಫಾದರ್ ಲೆಸ್ಟರ್ ಬಂದರು, ಪ್ರಾರ್ಥನೆ ಶುರುವಾಯಿತು. ಹೊರಗೆ ಏಪ್ರಿಲಿನ ಮಧ್ಯಾಹ್ನದ ಬಿಸಿಲು ಗದ್ದೆಯ ಕೊನೆಯ ಹನಿಯನ್ನೂ ಹೀರುತ್ತಿತ್ತು. ಎಲ್ಲರೂ ಕಣ್ಣುಮುಚ್ಚಿ, ಫಾದರ್ "ಈ ನಿನ್ನ ಮಗಳಿಗೆ ನಿತ್ಯ ವಿಶ್ರಾಂತಿ" ಎನ್ನುವಷ್ಟರಲ್ಲಿ,

ಟಕ್.

ಎಲ್ಲರೂ ಕಣ್ಣು ಬಿಟ್ಟರು. ಮೊದಲು ನೋಡಿದ್ದು ಪೆಟ್ಟಿಗೆಯನ್ನು.

"ಬಾಯಿ ಎದ್ರಾ?" ಎಂದ ಸೇಸಪ್ಪ, ಪಿಸುಮಾತೆಂದುಕೊಂಡು, ಹಾಲಿಗೆಲ್ಲ ಕೇಳುವಂತೆ.

ಗೋಡೆಯ ಮೇಲೆ ಯೇಸುವಿನ ಪಟ ಮೆಲ್ಲಗೆ ಎಡಕ್ಕೆ ವಾಲಿ, ಯಾರನ್ನೋ ಬಗ್ಗಿ ನೋಡುವ ಹಾಗೆ ನಿಂತಿತು. ಅದರ ಹಿಂದಿನಿಂದ ಗಾಜಿನ ಅರ್ಧ ಚೂರು ನೆಲಕ್ಕೆ ಬಿತ್ತು. ಪಟ ವಾಲಿದ ಜಾಗದಲ್ಲಿ ಬಿರುಕು ಉದ್ದಕ್ಕೂ ತೆರೆದುಕೊಂಡಿತ್ತು. ಅದರೊಳಗಿನಿಂದ ಹೊರಗಿನ ಬಿಸಿಲಿನ ಒಂದು ಗೆರೆ ಬಂದು ಹೆಲನ್ ಬಾಯಿಯ ಪಾದದ ಹತ್ತಿರ ಬಿದ್ದಿತ್ತು.

ಫಾದರ್ ಕನ್ನಡಕ ಸರಿಮಾಡಿಕೊಂಡು ಗೋಡೆಯ ಬಳಿ ಹೋದರು. ಬಿರುಕಿಗೆ ಬೆರಳಿಟ್ಟರು. ಬೆರಳು ಪೂರ್ತಿ ಹೋಯಿತು.

"ಇದು ನಾನು ಮೂರು ವರ್ಷ ತೀರ್ಥ ಹಾಕಿದ ಬಿರುಕಲ್ವಾ?"

ಬಾಗಿಲಿಲ್ಲದ ಬಾಗಿಲಲ್ಲಿ ನಿಂತಿದ್ದ ಯೂಸುಫ್ ತಡೆಯಲಾರದೆ ಹೇಳಿದ, "ಹೌದು ಫಾದರ್. ನಮ್ಮ ಉಸ್ತಾದರೂ ಇದಕ್ಕೇ ಓದಿದ್ದು."

ಒಬ್ಬ ನರ್ಸು ಕರವಸ್ತ್ರದೊಳಗೆ ಫಕ್ಕನೆ ನಕ್ಕಳು. ಮೀನು ಮಾರ್ಕೆಟಿನ ಕಡೆಯಿಂದ ಇನ್ನೊಂದು ನಗು. ಅಷ್ಟೇ, ಹಾಲಿಗೆ ಹಾಲೇ ನಕ್ಕಿತು. ಅಳುತ್ತಿದ್ದವರೂ ಅಳುತ್ತಳುತ್ತಲೇ ನಕ್ಕರು. ಫಾದರ್ ಪುಸ್ತಕದಿಂದ ಮೋರೆ ಮರೆ ಮಾಡಿಕೊಂಡು ಹೊಟ್ಟೆ ಅಲುಗಿಸಿದರು. ಇಷ್ಟು ಹೊತ್ತೂ ಬಿರುಕಿನ ಮನೆಯಲ್ಲಿ ಹೆಲನ್ ಬಾಯಿಯೊಬ್ಬರೇ ನೆಟ್ಟಗಿದ್ದರು. ಅವರ ತುಟಿಯೂ ಸ್ವಲ್ಪ ಓರೆಯಾದ ಹಾಗೆ ದಮಯಂತಿಗೆ ಕಂಡಿತು.

ನಗದವರು ಹ್ಯೂಬರ್ಟ್ ಮಾತ್ರ. ಪ್ರಾರ್ಥನೆ ಮುಗಿದದ್ದೇ ಅವರು ಮಾವಿನ ಮರದಡಿ ಕೂತಿದ್ದ ಜಿತೇಶನ ಹತ್ತಿರ ಹೋದರು. ದಮಯಂತಿ ಹಿಂದೆಯೇ ಹೋದಳು.

"ನಾವು ಹೊರಟ ಕೂಡ್ಲೇ ಶುರು ಮಾಡಿ. ವಾಪಸು ಬರುವಾಗ ಅದು ನನ್ನ ಕಣ್ಣಿಗೆ ಬೀಳ್ಬಾರದು."

"ಸೋಮವಾರದ ತನಕ ಇರ್ಲಿ ಸರ್," ಎಂದಳು ದಮಯಂತಿ. "ಮೂರೇ ದಿನ. ಬಾಯಿ ಇಷ್ಟು ವರ್ಷ ಕಾದದ್ದು ಇದಕ್ಕೆ. ಇದು ಹೋದ್ರೆ ಒಂಬತ್ತು ಮನೆಯಲ್ಲಿ ಎಲ್ಲಿಯೂ ತೋರಿಸ್ಲಿಕ್ಕೆ ಎಂತದೂ ಇಲ್ಲ."

"ನನ್ನ ಅಕ್ಕನ ಹೆಣ ಒಳಗಿದೆ ದಮಯಂತಿ. ಈಗ ಜಗಳ ಮಾಡ್ತೀರಾ?"

ಹೆಣದ ಎದುರು ಹೇಗೆ ಜಗಳ ಮಾಡುವುದು? ಜಿತೇಶ್ ನಯವಾಗಿ ಕೈಕಟ್ಟಿ ನಿಂತಿದ್ದ.

*

ನಾಲ್ಕು ಗಂಟೆಗೆ ಪೆಟ್ಟಿಗೆ ಎತ್ತಿದರು. ಮುಂದಿನ ಎರಡು ಹಿಡಿ ಸೇಸಪ್ಪನಿಗೂ ಯೂಸುಫನಿಗೂ. ಅದನ್ನು ಹೆಲನ್ ಬಾಯಿಯೇ ಯಾವಾಗಲೋ ಗೊತ್ತುಮಾಡಿದ್ದರು: "ಮನೆ ಎತ್ತಿದವರಿಗೆ ನಾನೆಂತ ಭಾರ?" ಇಗರ್ಜಿ ದೂರವಿಲ್ಲ, ನಡೆದೇ ಹೋಗುವುದು.

ದಮಯಂತಿ ಬೆಳಿಗ್ಗೆಯೇ ಹೊಸ ಸೀರೆ ತೆಗೆದಿಟ್ಟಿದ್ದಳು. ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿ, 'ಹೋಗಿ ಬನ್ನಿ ಬಾಯಿ' ಎಂದು ಹೇಳಿ ಬರಬೇಕು ಎಂದು ರಾತ್ರಿಯಿಡೀ ಅಂದುಕೊಂಡಿದ್ದಳು. ಆ ಸೀರೆ ಉಟ್ಟೇ ಈಗ ಅವಳು ಹೆಲನ್ ಬಾಯಿಯ ಬೆತ್ತದ ಕುರ್ಚಿಯನ್ನು ಎಳೆದು ತಂದು, ಬಾಗಿಲಿಲ್ಲದ ದಾರಂದದ ನಡುವೆ, ಹೊಸ್ತಿಲ ಮೇಲೆ ಇಟ್ಟಳು. ಕೂತಳು. ದಾರಂದ ವಾಲಿದ್ದರಿಂದ ಕುರ್ಚಿ ಅದರೊಳಗೆ ಬೆಣೆ ಹೊಡೆದ ಹಾಗೆ ಕೂತಿತು. ಈಚೆಯಿಂದ ನುಸುಳಲು ಬೆಕ್ಕಿಗೂ ಜಾಗವಿಲ್ಲ.

"ಬನ್ನಿ ದಮಯಂತಿ, ಹೊರಟಾಯ್ತು," ಎಂದು ಹ್ಯೂಬರ್ಟ್ ಕರೆದರು.

"ನೀವು ಹೋಗಿ ಸರ್. ಬಾಗಿಲಿಲ್ಲದ ಮನೆ. ಯಾರಾದ್ರೂ ಬೇಕು."

ಹ್ಯೂಬರ್ಟ್ ಒಂದು ಕ್ಷಣ ಅವಳನ್ನು, ಕುರ್ಚಿಯನ್ನು, ಅವಳ ಹಿಂದೆ ವಾಲಿ ನಿಂತ ಯೇಸುವಿನ ಪಟವನ್ನು ನೋಡಿದರು. ಅಷ್ಟರಲ್ಲಿ ಮುಂದಿನಿಂದ ಗಾಯನ ಶುರುವಾಗಿ, ಫಾದರ್ ತಿರುಗಿ ನೋಡಿ, ಅವರು ಹೆಜ್ಜೆ ಹಾಕಲೇಬೇಕಾಯಿತು.

"ಸ್ವಲ್ಪ ನಿಲ್ಲಿ," ಎಂದು ದಮಯಂತಿ ಗಂಡನನ್ನು ಕರೆದಳು. ಪೆಟ್ಟಿಗೆ ಹೊತ್ತೇ ಸೇಸಪ್ಪ ಮೆಟ್ಟಿಲಿಗೆ ತಾಗಿ ನಿಂತ. ಅವಳು ಕುರ್ಚಿಯಿಂದ ಏಳದೆ, ಬಗ್ಗಿ, ಮೆಟ್ಟಿಲ ಬುಡದ ಒಣಗಿ ಬಿರಿದ ಜೇಡಿಯ ಒಂದು ಹೆಂಟೆ ಕಿತ್ತು ಅವನ ಜೇಬಿಗೆ ತುರುಕಿದಳು. "ನನ್ನ ಲೆಕ್ಕದ್ದು. ಗುಂಡಿಗೆ ಹಾಕಿ."

"ಈ ಮಣ್ಣಾ? ಎಂತ ಮಾರಾಯ್ತಿ, ಮಳೆ ಬಂದ್ರೆ ಇದು ಉಬ್ತದೆ. ಬಾಯಿಯನ್ನೇ ಎತ್ತಿ ಹೊರಗೆ ಹಾಕೀತು!"

"ಬಂದ್ರೆ ಬರ್ಲಿ," ಎಂದಳು ದಮಯಂತಿ. "ಇಲ್ಲಿ ಕೆಲಸ ಉಂಟು."

ಯೂಸುಫನ ನಗುವಿಗೆ ಪೆಟ್ಟಿಗೆ ಒಮ್ಮೆ ಅಲುಗಿತು. ಗಾಯನ ದೂರವಾಯಿತು. ಕಾಲೊನಿ ಖಾಲಿಯಾಯಿತು.

ಜಿತೇಶ್ ಕೈಗಡಿಯಾರ ನೋಡಿಕೊಂಡು ಎದ್ದು ಬಂದ. ಪೈಂಟರುಗಳು ನಾಲ್ಕು ಚೀಲ ಪುಟ್ಟಿಯನ್ನು ತಂದು, ಬಾಯಿ ಬಿಚ್ಚಿ, ಅಂಗಳದಲ್ಲಿ ಸಾಲಾಗಿ ಇಟ್ಟರು.

"ಏಳಿ ಅಕ್ಕ. ಯಜಮಾನರೇ ಹೇಳಿ ಆಗಿದೆ."

ದಮಯಂತಿ ಕೈ ಚಾಚಿ, ಜಗಲಿಯಲ್ಲಿ ಸುತ್ತಿಟ್ಟಿದ್ದ ಪೈಪಿನ ತುದಿ ಎತ್ತಿಕೊಂಡಳು. ಕುರ್ಚಿಯ ಪಕ್ಕದ ನಲ್ಲಿಯನ್ನು ತಿರುಗಿಸಿದಳು. ನೀರು ಎರಡು ಸಲ ಕೆಮ್ಮಿ, ಕಮಾನಿನಂತೆ ಹಾರಿ, ಅಂಗಳ ದಾಟಿ ಐದನೆಯ ಮನೆಯ, ಅವಳ ಮನೆಯ, ಬುಡಕ್ಕೆ ಬಿತ್ತು. ನಾಲ್ಕನೆಯ ಮನೆಗೆ ಒಂದು ಹನಿಯೂ ತಾಗದ ಹಾಗೆ ಅವಳು ಬೆರಳಿಟ್ಟು ಹಿಡಿದಿದ್ದಳು. ನಡುವೆ ಪುಟ್ಟಿಯ ಚೀಲಗಳಿದ್ದವು.

"ಅಯ್ಯೋ ಅಕ್ಕ, ಪುಟ್ಟಿ! ಪುಟ್ಟಿಗೆ ಬೀಳ್ತಾ ಉಂಟು! ಒದ್ದೆಯಾದ್ರೆ ಕಲ್ಲಾಗ್ತದೆ ಅದು!"

"ಹೌದಾ?" ಎಂದಳು ದಮಯಂತಿ. "ಬೆಳಿಗ್ಗೆಯಿಂದ ಯಾರೂ ನೀರು ಹಾಕ್ಲಿಲ್ಲ ನೋಡು. ಮಣ್ಣು ಒಣಗ್ಬಾರದು. ಬಾಯಿ ಹೇಳಿದ್ದಾರೆ."

ಪೈಂಟರುಗಳು ಚೀಲ ಎಳೆಯಲು ಓಡಿ, ತಾವೂ ತೊಯ್ದು, ನಗುತ್ತ ಮಾವಿನ ಮರದಡಿಗೆ ವಾಪಸಾದರು. ಬಿಳಿ ಶರ್ಟು ಮೈಗಂಟಿದ ಜಿತೇಶ್ ಒಬ್ಬನೇ ನೀರಿನ ಕಮಾನಿನ ಆಚೆ ನಿಂತಿದ್ದ. ದೂರದಲ್ಲಿ ಇಗರ್ಜಿಯ ಗಂಟೆ ಬಡಿಯಿತು. ದಮಯಂತಿ ಪೈಪು ಬಿಡದೆ ಎಡಗೈಯಲ್ಲಿ ಸೆರಗು ತಲೆಗೆ ಹೊದ್ದುಕೊಂಡಳು.

"ನೀರು ನಿಲ್ಸಿ ಅಕ್ಕ! ಏಳಿ ಅಲ್ಲಿಂದ! ನಿಮಗೇ ಹೇಳುದು!"

ಕರಗಿದ ಪುಟ್ಟಿ ಬೆಳ್ಳಗೆ ಹರಿದು ಅವನ ಬೂಟಿನ ಸುತ್ತ ನಿಂತು, ಏಪ್ರಿಲಿನ ಬಿಸಿಲಿಗೆ ಮೆಲ್ಲಗೆ ಗಟ್ಟಿಯಾಗತೊಡಗಿತ್ತು.

"ಏಳುದಿಲ್ಲ," ಎಂದಳು ದಮಯಂತಿ, ಬೆರಳನ್ನು ಇನ್ನಷ್ಟು ಬಿಗಿ ಹಿಡಿದು.